ಪಟ್ಟೆಗಳ ಲಿಪಿ: ಉಲ್ಲಾಸ ಕಾರಂತರ ಹುಲಿ ಅಧ್ಯಯನ

ಕನ್ನಡ ನಾಡಿನ ಜನಜೀವನದಲ್ಲಿ ಹುಲಿಗೆ ಸಂದ ಸ್ಥಾನ ಬಹು ಹಿಂದಿನದು. ಹೊಯ್ಸಳರ ಮೂಲವನ್ನು ಹೇಳುವ ಐತಿಹ್ಯದಲ್ಲಿ ಸಳನೆಂಬ ವೀರನಿಗೆ ಎದುರಾದದ್ದು ಹುಲಿ. ಮಲೆನಾಡಿನ ಕೆಲವು ವೀರಗಲ್ಲುಗಳು ಹುಲಿಯೊಡನೆ ಕಾದಿ ಮಡಿದವರ ನೆನಪನ್ನು ಇಂದಿಗೂ ಹೊತ್ತು ನಿಂತಿವೆ. ತುಳುನಾಡಿನಲ್ಲಿ ಪಿಲಿಚಾಮುಂಡಿ ನೇಮ ಪಡೆಯುವ ದೈವ; ಅಲ್ಲಿಯ ನವರಾತ್ರಿಯ ದಿನಗಳಲ್ಲಿ ಹುಲಿವೇಷವಿಲ್ಲದ ಬೀದಿಯಿಲ್ಲ. ಗೋವಿನ ಹಾಡಿನ ಹುಲಿಯಂತೂ ಪುಣ್ಯಕೋಟಿಯ ಸತ್ಯದ ಮುಂದೆ ಸೋತು ತನ್ನ ಪ್ರಾಣವನ್ನೇ ಬಿಟ್ಟು, ಕನ್ನಡಿಗರ ಮನಸ್ಸಿನಲ್ಲಿ ಕರುಣೆಗೂ ಪಾತ್ರವಾಗಿದೆ.

ಈ ಎಲ್ಲ ಕಡೆಗಳಲ್ಲಿಯೂ ಹುಲಿಯೆಂದರೆ ಒಂದು ಜಾತಿ, ಒಂದು ಶಕ್ತಿ, ಒಂದು ಭಯ. ಅದು ಇಂಥದೇ ಹುಲಿ, ಹೋದ ವರ್ಷವೂ ಇದೇ ಹಳ್ಳದ ಬಳಿ ಕಂಡಿತ್ತು, ಅದರ ಮರಿಗಳು ಈಗ ಬೇರೆ ಕಾಡನ್ನು ಸೇರಿವೆ ಎಂಬ ವಿವರ ಅಲ್ಲಿ ಬೇಕಾಗಿಲ್ಲ. ಬೇಟೆಗಾರನಿಗೂ ಬೇಕಾದದ್ದು ಚರ್ಮದ ಉದ್ದಗಲವೇ ಹೊರತು ಅದನ್ನು ಹೊತ್ತ ಜೀವಿಯ ಚರಿತ್ರೆಯಲ್ಲ. ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಬೇಕು, ಗುರುತಿಸಿದ ಮೇಲೆಯೇ ಎಣಿಸಬೇಕು, ಎಣಿಸಿದ ಮೇಲೆಯೇ ಅದರ ಅಳಿವು ಉಳಿವುಗಳ ಮಾತನ್ನಾಡಬೇಕು ಎಂಬ ವಿಚಾರ ನಮ್ಮಲ್ಲಿ ಬಲಗೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಆ ವಿಚಾರವನ್ನು ನಾಗರಹೊಳೆಯ ಕಾಡಿನಲ್ಲಿ ಕಾರ್ಯರೂಪಕ್ಕೆ ತಂದವರು ಡಾ. ಕೆ. ಉಲ್ಲಾಸ ಕಾರಂತರು. ಅವರ ಬಾಳಿನ ಬಹುಭಾಗ ಹುಲಿಯ ಅಧ್ಯಯನಕ್ಕೆ ಮೀಸಲಾಯಿತು. ಆ ಅಧ್ಯಯನದ ಮುಖ್ಯ ಸಾಧನವಾದುದು ಛಾಯಾಚಿತ್ರ. ಅಲಂಕಾರದ ವಸ್ತುವಾಗಿದ್ದ ಚಿತ್ರವು ಪ್ರಮಾಣವಾಗಿ ಬದಲಾದ ಬಗೆಯನ್ನೂ ಅದರಿಂದ ಕಾಡಿನ ಬಗೆಗಿನ ನಮ್ಮ ತಿಳಿವಳಿಕೆಯಲ್ಲಿ ಆದ ವ್ಯತ್ಯಾಸವನ್ನೂ ಇಲ್ಲಿ ವಿವರಿಸಲಾಗಿದೆ.

ಬಾಲವನದಿಂದ ನಾಗರಹೊಳೆಗೆ

1948ರಲ್ಲಿ ಹುಟ್ಟಿದ ಉಲ್ಲಾಸ ಕಾರಂತರ ಬಾಲ್ಯ ಕಳೆದದ್ದು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನ ಬಾಲವನದಲ್ಲಿ. ತಂದೆ ಕೋಟ ಶಿವರಾಮ ಕಾರಂತರು (1902–1997), ತಾಯಿ ಲೀಲಾ ಕಾರಂತರು. ಕಾದಂಬರಿಕಾರರಾಗಿ, ಯಕ್ಷಗಾನದ ಪ್ರಯೋಗಶೀಲರಾಗಿ ಶಿವರಾಮ ಕಾರಂತರು ಕನ್ನಡಿಗರಿಗೆ ಎಷ್ಟು ಪರಿಚಿತರೋ, ವಿಜ್ಞಾನವನ್ನು ಕನ್ನಡಕ್ಕೆ ತಂದವರಾಗಿಯೂ ಅಷ್ಟೇ ಸ್ಮರಣೀಯರು. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಒಬ್ಬರೇ ಬರೆದು ಮುಗಿಸಿದ ಸಾಹಸ ಅವರದು. ಕಂಡದ್ದನ್ನು ಪರೀಕ್ಷಿಸದೆ ಒಪ್ಪಬಾರದು ಎಂಬ ಅವರ ನಿಲುವು ಮನೆಯ ವಾತಾವರಣದಲ್ಲಿಯೂ ಇದ್ದಿತು. ಉಲ್ಲಾಸ ಕಾರಂತರು ತಮ್ಮ ಸೋದರಿಯರಾದ ಮಾಳವಿಕಾ ಕಪೂರ್ ಮತ್ತು ಕ್ಷಮಾ ರಾವ್ ಅವರೊಡನೆ ಸೇರಿ 2021ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವೊಂದು ಆ ಮನೆಯ ಬದುಕನ್ನು ನೆನೆಯುತ್ತದೆ.

ಆದರೆ ಮಗನು ಹಿಡಿದದ್ದು ಮೊದಲಿಗೆ ಸಾಹಿತ್ಯದ ದಾರಿಯನ್ನೂ ಅಲ್ಲ, ಪ್ರಾಣಿಶಾಸ್ತ್ರದ ದಾರಿಯನ್ನೂ ಅಲ್ಲ. 1971ರಲ್ಲಿ ಅವರು ಸುರತ್ಕಲ್ಲಿನ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನು ಪಡೆದರು. ಕೆಲಕಾಲ ಎಂಜಿನಿಯರಾಗಿ ದುಡಿದರು, ಅನಂತರ ಕೃಷಿಕರಾದರು. ಬಿಡುವು ದೊರೆತಾಗಲೆಲ್ಲ ಕಾಡನ್ನು ಸುತ್ತಿದರು. ಅಮೆರಿಕದ ಪ್ರಾಣಿವಿಜ್ಞಾನಿ ಜಾರ್ಜ್ ಷಾಲರ್ ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿ 1960ರ ದಶಕದಲ್ಲಿ ನಡೆಸಿದ ಅಧ್ಯಯನವು 1967ರಲ್ಲಿ ಜಿಂಕೆ ಮತ್ತು ಹುಲಿಗಳನ್ನು ಕುರಿತ ಗ್ರಂಥವಾಗಿ ಹೊರಬಂದಿತ್ತು. ಹುಲಿಯನ್ನು ಕೋವಿಯ ಮೊನೆಯಿಂದ ನೋಡದೆ, ಅದರ ಆಹಾರ, ಸಂಚಾರ, ಸಂತಾನಗಳನ್ನು ತಾಳ್ಮೆಯಿಂದ ಬರೆದಿಟ್ಟುಕೊಳ್ಳುವುದೂ ಒಂದು ವೃತ್ತಿಯಾಗಬಲ್ಲುದೆಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು. ಉಲ್ಲಾಸ ಕಾರಂತರು ತಮಗೆ ಸ್ಫೂರ್ತಿ ನೀಡಿದವರಲ್ಲಿ ಷಾಲರ್ ಅವರನ್ನು ಸ್ಮರಿಸುತ್ತಾರೆ.

ಮೂವತ್ತು ವರ್ಷ ದಾಟಿದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಾದರು. 1984ರಲ್ಲಿ ವನ್ಯಜೀವಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. 1988ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ 1993ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದರು. ಫ್ಲಾರಿಡಾದಲ್ಲಿ ಅವರಿಗೆ ಮಾರ್ಗದರ್ಶನ ಮಾಡಿದ ಮೆಲ್ವಿನ್ ಸನ್‌ಕ್ವಿಸ್ಟ್ ನೇಪಾಳದ ಚಿತ್ವನ್ ಕಾಡಿನಲ್ಲಿ ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ತೊಡಿಸಿ ಅವುಗಳ ಸಂಚಾರವನ್ನು ಅರಿತಿದ್ದವರು. ಅದೇ ಬಗೆಯ ಅಧ್ಯಯನವನ್ನು ಕಾರಂತರು 1990ರಲ್ಲಿ ನಾಗರಹೊಳೆಯಲ್ಲಿ ಆರಂಭಿಸಿದರು.

ನಾಗರಹೊಳೆ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿರುವ, ಸುಮಾರು 643 ಚದರ ಕಿಲೋಮೀಟರು ವಿಸ್ತಾರದ ರಾಷ್ಟ್ರೀಯ ಉದ್ಯಾನ. ಮತ್ತಿ, ಹೊನ್ನೆ, ಬೀಟೆ, ತೇಗಗಳ ಎಲೆಯುದುರುವ ಕಾಡು. ನಡುನಡುವೆ ಹುಲ್ಲು ಬೆಳೆದ ಜೌಗು ಬಯಲುಗಳಾದ ಹಡ್ಲುಗಳು. ಅಲ್ಲಿಯ ಅರಣ್ಯಾಧಿಕಾರಿಯಾಗಿದ್ದ ಕೊಡಗಿನ ಕೆ.ಎಂ. ಚಿಣ್ಣಪ್ಪನವರು (ನಿಧನ 2024) ಕಳ್ಳಬೇಟೆಯನ್ನೂ ಮರಗಳ್ಳತನವನ್ನೂ ತಡೆಯಲು ವರ್ಷಗಟ್ಟಲೆ ಹೆಣಗಿದವರು. ಕಾರಂತರ ಅಧ್ಯಯನಕ್ಕೆ ಅಲ್ಲಿ ಪ್ರಾಣಿಗಳು ದೊರೆತದ್ದಕ್ಕೆ ಚಿಣ್ಣಪ್ಪನವರಂಥ ಕಾವಲುಗಾರರ ದುಡಿಮೆಯೇ ಕಾರಣ. ಕಾಡಿನ ಜಾಡನ್ನು ಓದಬಲ್ಲ ಸ್ಥಳೀಯರ ನೆರವೂ ಈ ಕೆಲಸದ ಹಿಂದಿದೆ. ವಿಜ್ಞಾನಿಯ ಹೆಸರಿನಲ್ಲಿ ಪ್ರಕಟವಾಗುವ ಅಂಕಿಯ ಹಿಂದೆ ಇಂಥ ಹಲವರ ನಡಿಗೆಯಿದೆ ಎಂಬುದನ್ನು ಮರೆಯಲಾಗದು.

ಹೆಜ್ಜೆಗುರುತಿನ ಲೆಕ್ಕ

ಕಾರಂತರು ಕಾಡಿಗೆ ಬಂದ ಕಾಲದಲ್ಲಿ ಹುಲಿಗಳ ಲೆಕ್ಕವಿರಲಿಲ್ಲವೆಂದಲ್ಲ. ಲೆಕ್ಕವಿದ್ದಿತು, ಅದರ ಆಧಾರ ದುರ್ಬಲವಾಗಿದ್ದಿತು. ಒಡಿಶಾದ ಅರಣ್ಯಾಧಿಕಾರಿ ಸರೋಜರಾಜ್ ಚೌಧುರಿಯವರು 1960ರ ದಶಕದಲ್ಲಿ ರೂಪಿಸಿದ ವಿಧಾನದಂತೆ ಹುಲಿಯ ಹೆಜ್ಜೆಗುರುತಿನ ಮೇಲೆ ಗಾಜನ್ನಿಟ್ಟು ಅದರ ಅಂಚನ್ನು ಗೆರೆಯಾಗಿ ಇಳಿಸಿಕೊಳ್ಳುವ ಪದ್ಧತಿ ದೇಶದಾದ್ಯಂತ ಬಳಕೆಗೆ ಬಂದಿತ್ತು. 1972ರ ಗಣತಿಯಲ್ಲಿ ದೇಶದಲ್ಲಿ 1,827 ಹುಲಿಗಳಿವೆಯೆಂದು ತಿಳಿದು ಕಳವಳ ಉಂಟಾಯಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆ ಯೋಜನೆಯ ಯಶಸ್ಸನ್ನು ಅಳೆದದ್ದೂ ಅದೇ ಹೆಜ್ಜೆಗುರುತುಗಳಿಂದ.

ಈ ವಿಧಾನದ ಹಿಂದೆ ಎರಡು ನಂಬಿಕೆಗಳಿವೆ. ಒಂದು, ಪ್ರತಿ ಹುಲಿಯ ಹೆಜ್ಜೆಯನ್ನೂ ಮತ್ತೊಂದರಿಂದ ಬೇರ್ಪಡಿಸಬಹುದು. ಎರಡು, ಕಾಡಿನ ಎಲ್ಲ ಹುಲಿಗಳ ಹೆಜ್ಜೆಗಳೂ ಗಣತಿಯ ದಿನಗಳಲ್ಲಿ ಸಿಬ್ಬಂದಿಯ ಕಣ್ಣಿಗೆ ಬೀಳುತ್ತವೆ. ಇವೆರಡೂ ಪ್ರಶ್ನಾರ್ಹ. ಒಂದೇ ಹುಲಿಯ ಹೆಜ್ಜೆ ಒಣಮಣ್ಣಿನಲ್ಲಿ ಒಂದು ರೀತಿ, ಕೆಸರಿನಲ್ಲಿ ಇನ್ನೊಂದು ರೀತಿ ಮೂಡುತ್ತದೆ. ನಡೆದಾಗ ಒಂದು, ಓಡಿದಾಗ ಇನ್ನೊಂದು. ಕಲ್ಲುನೆಲದಲ್ಲಿ ಮೂಡುವುದೇ ಇಲ್ಲ. ಗೆರೆಯನ್ನು ಎಳೆಯುವ ಕೈ ಬೇರೆಯಾದರೆ ಆಕಾರವೂ ಬೇರೆಯಾಗುತ್ತದೆ. ಮೃಗಾಲಯದ ಕೆಲವೇ ಹುಲಿಗಳ ಹಲವು ಹೆಜ್ಜೆಗುರುತುಗಳನ್ನು ಬರೆದುಕೊಂಡು, ಅವು ಎಷ್ಟು ಹುಲಿಗಳವೆಂದು ಹೇಳುವಂತೆ ಕಾರಂತರು ಅನುಭವಿಗಳನ್ನು ಕೇಳಿದರು. ದೊರೆತ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ನಿಜವಾದ ಸಂಖ್ಯೆಗೂ ಹೊಂದಲಿಲ್ಲ. ಈ ವಿಮರ್ಶೆಯನ್ನು ಅವರು 1987ರಷ್ಟು ಹಿಂದೆಯೇ ಪ್ರಕಟಿಸಿದರು. ಹಳಗನ್ನಡದ ಓಲೆಪ್ರತಿಗಳ ಪಾಠವನ್ನು ಪರಿಷ್ಕರಿಸುವವರಿಗೆ ಈ ಕಷ್ಟದ ಸ್ವರೂಪ ಅಪರಿಚಿತವಲ್ಲ. ಒಬ್ಬನೇ ಲಿಪಿಕಾರನ ಬರವಣಿಗೆ ಓಲೆಯಿಂದ ಓಲೆಗೆ ಬದಲಾಗುವುದುಂಟು. ಅದನ್ನು ಇಬ್ಬರದೆಂದು ಎಣಿಸಿದರೆ ಮುಂದಿನ ನಿರ್ಣಯವೆಲ್ಲ ತಪ್ಪುತ್ತದೆ.

ಚಿತ್ರದಲ್ಲಿ ಅಡಗಿದ ಗುರುತು

ಹೆಜ್ಜೆಗಿಂತ ನಂಬಿಗಸ್ತವಾದ ಗುರುತು ಹುಲಿಯ ಮೈಮೇಲೆಯೇ ಇದೆ. ಪಟ್ಟೆಗಳ ವಿನ್ಯಾಸ ಒಂದು ಹುಲಿಯಲ್ಲಿದ್ದಂತೆ ಮತ್ತೊಂದರಲ್ಲಿ ಇರುವುದಿಲ್ಲ. ಮನುಷ್ಯನ ಹೆಬ್ಬೆರಳಿನ ಗುರುತಿನಂತೆ ಅದು ಹುಟ್ಟಿನಿಂದ ಸಾವಿನವರೆಗೆ ಉಳಿಯುತ್ತದೆ. ಒಂದೇ ಹುಲಿಯ ಎಡಮೈಯ ಪಟ್ಟೆಗಳು ಬಲಮೈಯ ಪಟ್ಟೆಗಳನ್ನು ಹೋಲುವುದಿಲ್ಲ. ಆದರೆ ಹಗಲಿನಲ್ಲಿ ಅಡಗಿ ಇರುಳಿನಲ್ಲಿ ತಿರುಗುವ ಪ್ರಾಣಿಯ ಪಟ್ಟೆಗಳನ್ನು ಓದುವುದು ಹೇಗೆ? ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಆಂಗ್ಲರು 1920ರ ದಶಕದಲ್ಲಿಯೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಾಡಿನ ಹಾದಿಗೆ ಅಡ್ಡಲಾಗಿ ತಂತಿಯನ್ನು ಕಟ್ಟಿ, ಹುಲಿಯ ಕಾಲು ತಾಕಿದೊಡನೆ ಬೆಳಕು ಮಿಂಚಿ ಕ್ಯಾಮೆರಾ ತಾನಾಗಿ ಚಿತ್ರ ತೆಗೆಯುವಂತೆ ಅವರು ಏರ್ಪಡಿಸಿದರು. 1927ರಲ್ಲಿ ಆ ಚಿತ್ರಗಳ ಪುಸ್ತಕ ಪ್ರಕಟವಾಯಿತು. ಸುತ್ತಲಿನ ಅಧಿಕಾರಿಗಳು ಹುಲಿಯ ಚರ್ಮವನ್ನು ಗೋಡೆಗೆ ತೂಗುಹಾಕುತ್ತಿದ್ದ ಕಾಲದಲ್ಲಿ ಅವರು ಹುಲಿಯನ್ನು ಅದರ ಪಾಡಿಗೆ ಹೋಗಗೊಟ್ಟು ಚಿತ್ರವನ್ನಷ್ಟೇ ಉಳಿಸಿಕೊಂಡರು.

ಕಾಡಿನಿಂದ ಬಹುದೂರದ ಕಡಲಿನಲ್ಲಿಯೂ ಇದೇ ವಿಚಾರ ಬೇರೊಂದು ಹಾದಿಯಲ್ಲಿ ಬೆಳೆಯಿತು. ತಿಮಿಂಗಿಲಗಳ ಸಂಚಾರವನ್ನು ಅರಿಯಲು ಹಿಂದಿನವರು ಸಂಖ್ಯೆ ಕೊರೆದ ಲೋಹದ ಸಲಾಕೆಗಳನ್ನು ಅವುಗಳ ಮೈಯೊಳಕ್ಕೆ ಹಾರಿಸುತ್ತಿದ್ದರು. ಆ ಸಲಾಕೆ ಮರಳಿ ದೊರೆಯುತ್ತಿದ್ದುದು ತಿಮಿಂಗಿಲವನ್ನು ಕೊಂದು ಕೊಯ್ದಾಗ ಮಾತ್ರ. ಅಂದರೆ ಆ ಜೀವಿಯ ಪಯಣವನ್ನು ತಿಳಿಯಬೇಕಾದರೆ ಆ ಜೀವಿ ಸಾಯಲೇಬೇಕಾಗಿತ್ತು. 1970ರಿಂದೀಚೆಗೆ ಅಮೆರಿಕದ ರೋಜರ್ ಪೇನ್ (1935–2023) ಮತ್ತು ಅವರ ಸಂಗಡಿಗರು ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದ ಬಳಿ ತಿಮಿಂಗಿಲಗಳ ತಲೆಯ ಮೇಲಿನ ಒರಟು ಬಿಳಿಯ ಮಚ್ಚೆಗಳನ್ನು ಚಿತ್ರಿಸಿ, ಪ್ರತಿಯೊಂದನ್ನೂ ಬೇರೆಯಾಗಿ ಗುರುತಿಸತೊಡಗಿದರು. ಗೂನುಬೆನ್ನಿನ ತಿಮಿಂಗಿಲಗಳನ್ನು ಗುರುತಿಸಲು ನೀರಿನಿಂದ ಮೇಲೇಳುವ ಬಾಲದ ಅಡಿಭಾಗದ ಕಪ್ಪುಬಿಳುಪಿನ ವಿನ್ಯಾಸ ಒದಗಿತು. ಚಿತ್ರಗಳ ಸಂಗ್ರಹ ಬೆಳೆದಂತೆ ಒಂದೊಂದು ತಿಮಿಂಗಿಲಕ್ಕೂ ಒಂದು ಚರಿತ್ರೆ ದೊರೆಯಿತು. ಅರಬ್ಬೀ ಸಮುದ್ರವನ್ನು ಬಿಟ್ಟು ವಲಸೆ ಹೋಗದ ಗೂನುಬೆನ್ನಿನ ತಿಮಿಂಗಿಲಗಳ ಚಿಕ್ಕ ಗುಂಪೊಂದನ್ನು ಒಮಾನಿನ ಕರಾವಳಿಯಲ್ಲಿ ಅರಿತದ್ದೂ ಬಾಲದ ಚಿತ್ರಗಳ ನೆರವಿನಿಂದ. ಆ ಗುಂಪಿನ ಹೆಣ್ಣೊಂದಕ್ಕೆ 2017ರಲ್ಲಿ ಉಪಗ್ರಹದ ಗುರುತುಪಟ್ಟಿಯನ್ನು ಅಂಟಿಸಿದಾಗ, ಅದು ಸಮುದ್ರವನ್ನು ದಾಟಿ ಭಾರತದ ಪಶ್ಚಿಮ ಕರಾವಳಿಯ ಉದ್ದಕ್ಕೂ ದಕ್ಷಿಣದ ತುದಿಯವರೆಗೆ ಬಂದುದು ತಿಳಿಯಿತು. ಕೊಲ್ಲದೆಯೇ ಅರಿಯುವ ಈ ಮಾರ್ಗ ಕಡಲಿಗೂ ಕಾಡಿಗೂ ಸಮಾನ.

ಕಾಡಿನ ಹಾದಿಯಲ್ಲಿ ಕ್ಯಾಮೆರಾ

1990ರ ದಶಕದ ಆರಂಭದಲ್ಲಿ ಕಾರಂತರು ನಾಗರಹೊಳೆಯಲ್ಲಿ ‘ಕ್ಯಾಮೆರಾ ಟ್ರ್ಯಾಪ್’ ಎಂದು ಕರೆಯಲಾಗುವ ಸಾಧನವನ್ನು ಕ್ರಮಬದ್ಧವಾಗಿ ಬಳಸತೊಡಗಿದರು. ಚಾಂಪಿಯನ್ನರ ತಂತಿಯ ಬದಲಿಗೆ ಇಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣವಿರುತ್ತದೆ. ಪ್ರಾಣಿ ಅದನ್ನು ಹಾಯ್ದೊಡನೆ ಬೆಳಕು ಮಿಂಚುತ್ತದೆ. ಚಿತ್ರದೊಡನೆ ದಿನಾಂಕವೂ ಸಮಯವೂ ದಾಖಲಾಗುತ್ತವೆ. ಹಾದಿಯ ಎರಡು ಬದಿಗಳಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾಗಳನ್ನು ಇಡುವುದು ವಾಡಿಕೆ. ಎಡಮೈಯನ್ನು ಮಾತ್ರ ತೋರಿಸುವ ಒಂದು ಚಿತ್ರವೂ ಬಲಮೈಯನ್ನು ಮಾತ್ರ ತೋರಿಸುವ ಇನ್ನೊಂದು ಚಿತ್ರವೂ ದೊರೆತರೆ ಅವು ಒಂದು ಹುಲಿಯವೋ ಎರಡು ಹುಲಿಗಳವೋ ಎಂದು ಹೇಳಲಾಗದು. ಒಂದೇ ಕ್ಷಣದಲ್ಲಿ ಎರಡೂ ಪಕ್ಕಗಳು ದಾಖಲಾದರೆ ಆ ಸಂದೇಹಕ್ಕೆ ಎಡೆಯಿಲ್ಲ.

ಕ್ಯಾಮೆರಾವನ್ನು ಎಲ್ಲಿ ಇಡಬೇಕೆಂಬುದೂ ಒಂದು ವಿದ್ಯೆ. ಹುಲಿಯು ಪೊದೆಗಳ ನಡುವೆ ನುಸುಳುವುದಕ್ಕಿಂತ ಜೀಪಿನ ದಾರಿ, ಕಾಲುಹಾದಿ, ಒಣಗಿದ ತೊರೆಯ ಪಾತ್ರಗಳಲ್ಲಿ ನಡೆಯಲು ಬಯಸುತ್ತದೆ. ಅಲ್ಲಿ ಅದು ಬಿಟ್ಟ ಹಿಕ್ಕೆ, ಮಣ್ಣನ್ನು ಕೆರೆದ ಗುರುತು, ಮರಕ್ಕೆ ಚಿಮ್ಮಿಸಿದ ಮೂತ್ರದ ವಾಸನೆ, ಕಾಂಡದ ಮೇಲಿನ ಪರಚು ಇವುಗಳಿಂದ ಸ್ಥಳವನ್ನು ನಿಶ್ಚಯಿಸಬೇಕು. ಎಣಿಕೆಗೆ ಅಸಮರ್ಥವಾದ ಹೆಜ್ಜೆಗುರುತು ಇಲ್ಲಿ ದಾರಿತೋರುವ ಕೆಲಸಕ್ಕೆ ಬರುತ್ತದೆ ಎಂಬುದು ಗಮನಾರ್ಹ. ಆ ದಿನಗಳಲ್ಲಿ ಕ್ಯಾಮೆರಾಗಳಲ್ಲಿದ್ದುದು ಫಿಲ್ಮ್ ಸುರುಳಿ. ಜಿಂಕೆಗಳ ಹಿಂಡು ಹಾಯ್ದರೆ ಹುಲಿ ಬರುವ ಮೊದಲೇ ಸುರುಳಿ ಮುಗಿದುಹೋಗುವುದು. ಸುರುಳಿಯನ್ನು ಬದಲಿಸಲು ಮತ್ತೆ ನಡೆಯಬೇಕು, ಸಂಸ್ಕರಿಸಲು ಪಟ್ಟಣಕ್ಕೆ ಕಳುಹಿಸಬೇಕು. ಆನೆಗಳ ಕಾಲಿಗೂ ಸೊಂಡಿಲಿಗೂ ಕಳ್ಳರ ಕೈಗೂ ಸಾಧನಗಳು ಸಿಕ್ಕುವ ಅಪಾಯ ಬೇರೆ. ಒಂದು ನೆಲೆಯಲ್ಲಿ ಕ್ಯಾಮೆರಾ ಒಂದು ರಾತ್ರಿ ಕಾದರೆ ಅದನ್ನು ಒಂದು ‘ಬಲೆರಾತ್ರಿ’ ಎಂದು ಎಣಿಸಬಹುದು. 1991ರಿಂದ 2000ದವರೆಗೆ ನಾಗರಹೊಳೆಯಲ್ಲಿ ಇಂಥ 5,725 ಬಲೆರಾತ್ರಿಗಳು ಸಂದವು. ಅಷ್ಟು ಕಾಯುವಿಕೆಯ ಫಲವಾಗಿ ಗುರುತಿಗೆ ದೊರೆತ ಹುಲಿಗಳು 74.

ಕಾಣದ ಹುಲಿಯ ಲೆಕ್ಕ

ಚಿತ್ರಕ್ಕೆ ಸಿಕ್ಕ ಹುಲಿಗಳನ್ನು ಎಣಿಸಿದರೆ ಕೆಲಸ ಮುಗಿಯಲಿಲ್ಲ. ಸಿಗದೆ ಉಳಿದವು ಎಷ್ಟು ಎಂಬುದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಗಣಿತದ ತತ್ತ್ವವನ್ನು ಕೆರೆಯ ಮೀನಿನ ದೃಷ್ಟಾಂತದಿಂದ ತಿಳಿಯಬಹುದು. ಒಂದು ಕೆರೆಯಲ್ಲಿ ಬಲೆ ಬೀಸಿ 60 ಮೀನುಗಳನ್ನು ಹಿಡಿದು, ಅವುಗಳಿಗೆ ಗುರುತು ಹಾಕಿ ನೀರಿಗೆ ಬಿಟ್ಟೆವೆನ್ನೋಣ. ಕೆಲವು ದಿನಗಳ ಮೇಲೆ ಮತ್ತೆ ಬಲೆ ಬೀಸಿದಾಗ 50 ಮೀನುಗಳು ಸಿಕ್ಕಿ, ಅವುಗಳಲ್ಲಿ 10 ಮೀನುಗಳಲ್ಲಿ ಹಳೆಯ ಗುರುತು ಇದ್ದರೆ, ಎರಡನೆಯ ಬಲೆಯಲ್ಲಿ ಐದರಲ್ಲೊಂದು ಗುರುತಿನ ಮೀನು ಎಂದಾಯಿತು. ಇಡೀ ಕೆರೆಯಲ್ಲಿಯೂ ಐದರಲ್ಲೊಂದು ಹಾಗಿರಬೇಕು. ಗುರುತಿನವು 60 ಇರುವುದರಿಂದ ಕೆರೆಯ ಮೀನುಗಳು ಸುಮಾರು 300. ಡೆನ್ಮಾರ್ಕಿನ ಪೀಟರ್ಸನ್ ಮೀನುಗಳ ವಿಷಯದಲ್ಲಿಯೂ ಅಮೆರಿಕದ ಲಿಂಕನ್ ಬಾತುಗಳ ವಿಷಯದಲ್ಲಿಯೂ ಈ ಬಗೆಯ ತರ್ಕವನ್ನು ಬಹು ಹಿಂದೆಯೇ ಬಳಸಿದ್ದರು.

ಹುಲಿಯ ವಿಷಯದಲ್ಲಿ ಗುರುತನ್ನು ಮನುಷ್ಯ ಹಾಕಬೇಕಾಗಿಲ್ಲ, ಪ್ರಕೃತಿಯೇ ಹಾಕಿದೆ. ಮೊದಲ ಚಿತ್ರವೇ ಹಿಡಿತ, ಅದೇ ಹುಲಿಯ ಮುಂದಿನ ಚಿತ್ರ ಮರುಹಿಡಿತ. ಆದರೆ ಹುಲಿಗಳೆಲ್ಲ ಒಂದೇ ಪ್ರಮಾಣದಲ್ಲಿ ಕ್ಯಾಮೆರಾಕ್ಕೆ ಸಿಕ್ಕುವುದಿಲ್ಲ. ಗಂಡು ದೂರದೂರ ತಿರುಗುತ್ತದೆ, ಮರಿಯುಳ್ಳ ಹೆಣ್ಣು ಒಂದೆಡೆ ನಿಲ್ಲುತ್ತದೆ. ಎಣಿಕೆಯ ಅವಧಿ ದೀರ್ಘವಾದರೆ ಹುಟ್ಟುಸಾವುಗಳೂ ವಲಸೆಯೂ ಲೆಕ್ಕವನ್ನು ಕೆಡಿಸುತ್ತವೆ. ಆದುದರಿಂದ ಕೆಲವೇ ವಾರಗಳಲ್ಲಿ ಕೆಲಸ ಮುಗಿಯಬೇಕು, ಸಿಗುವ ಸಂಭವವನ್ನೂ ಲೆಕ್ಕದೊಳಗೆ ತರಬೇಕು. ಈ ಸಂಖ್ಯಾಶಾಸ್ತ್ರದಲ್ಲಿ ಪರಿಣತರಾದ ಅಮೆರಿಕದ ಜೇಮ್ಸ್ ನಿಕೋಲ್ಸ್ ಅವರೊಡನೆ ಕಾರಂತರು ಕೆಲಸ ಮಾಡಿದರು. 1995ರಲ್ಲಿ ನಾಗರಹೊಳೆಯ ಮೊದಲ ಫಲಿತಾಂಶವೂ 1998ರಲ್ಲಿ ನಾಲ್ಕು ಕಾಡುಗಳ ಹೋಲಿಕೆಯೂ ಪ್ರಕಟವಾದವು. ಆ ಹೋಲಿಕೆಯಂತೆ 100 ಚದರ ಕಿಲೋಮೀಟರಿಗೆ ಪೆಂಚ್‌ನಲ್ಲಿ 4.1, ನಾಗರಹೊಳೆಯಲ್ಲಿ 11.5, ಕಾನ್ಹಾದಲ್ಲಿ 11.7, ಕಾಜಿರಂಗಾದಲ್ಲಿ 16.8 ಹುಲಿಗಳಿದ್ದವು. ಪ್ರತಿ ಸಂಖ್ಯೆಯ ಜೊತೆಗೂ ಅದು ಎಷ್ಟು ತಪ್ಪಿರಬಹುದೆಂಬ ಅಂದಾಜನ್ನೂ ಕೊಡಲಾಗಿತ್ತು. ತನ್ನ ಅಜ್ಞಾನದ ಅಳತೆಯನ್ನು ತಾನೇ ಹೇಳುವ ಈ ಪ್ರಾಮಾಣಿಕತೆ ಹೆಜ್ಜೆಗುರುತಿನ ಗಣತಿಯಲ್ಲಿ ಇರಲಿಲ್ಲ.

ಚಿತ್ರಗಳು ಹೇಳಿದ ಸತ್ಯ

ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಜೋಡಿಸಿದಾಗ ಹುಲಿಗಳ ಬದುಕಿನ ಗತಿಯೂ ಕಾಣಿಸಿತು. 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ನಾಗರಹೊಳೆಯ ಹುಲಿಗಳಲ್ಲಿ ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಅಲ್ಲಿಯೇ ಬದುಕಿ ಉಳಿಯುವವು ನೂರಕ್ಕೆ ಸುಮಾರು 77. ಉಳಿದವು ಸಾಯುತ್ತವೆ ಅಥವಾ ಕಾಡನ್ನು ಬಿಟ್ಟು ಹೋಗುತ್ತವೆ. ಇಷ್ಟು ಹಾನಿಯಿದ್ದರೂ ಅಲ್ಲಿಯ ಹುಲಿಗಳ ಸಂತತಿ ಕುಸಿಯಲಿಲ್ಲ. ಸಾಕಷ್ಟು ಆಹಾರವೂ ರಕ್ಷಣೆಯೂ ಇರುವಲ್ಲಿ ಹೊಸ ಮರಿಗಳು ತೆರವಾದ ಎಡೆಯನ್ನು ತುಂಬುತ್ತವೆ. ಒಂದೊಂದು ಹುಲಿಯ ಸಾವಿಗೆ ಮರುಗುವುದು ಸಹಜವೇ. ಆದರೆ ಸಂತತಿಯನ್ನು ಉಳಿಸುವುದು ಅದರ ಮರುಹುಟ್ಟಿಗೆ ಬೇಕಾದ ಕಾಡು ಎಂಬ ಪಾಠ ಇದರಲ್ಲಿದೆ.

ಆಹಾರದ ಮಾತು ಬಂದಾಗ ಇನ್ನೊಂದು ಅಂಶವನ್ನು ಹೇಳಬೇಕು. ಕಾರಂತರು ಹುಲಿಯನ್ನು ಮಾತ್ರ ಎಣಿಸಲಿಲ್ಲ. ಕಾಡಿನೊಳಗೆ ನೇರ ಗೆರೆಗಳಂಥ ಹಾದಿಗಳನ್ನು ಕಡಿದು, ಅವುಗಳಲ್ಲಿ ಮತ್ತೆ ಮತ್ತೆ ನಡೆದು, ಕಂಡ ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳನ್ನೂ ಅವು ಇದ್ದ ದೂರವನ್ನೂ ಬರೆದುಕೊಳ್ಳುವ ಕ್ರಮವನ್ನು ನೆಲೆಗೊಳಿಸಿದರು. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಕೊಲ್ಲುತ್ತದೆ. ಅದು ತನ್ನ ನೆಲೆಯ ಬೇಟೆಪ್ರಾಣಿಗಳಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ತೆಗೆದುಕೊಳ್ಳಬಲ್ಲುದಾದ್ದರಿಂದ ಒಂದು ಹುಲಿ ಬಾಳಲು ಸುಮಾರು 500 ಪ್ರಾಣಿಗಳು ಬೇಕು. 2004ರಲ್ಲಿ ಹಲವು ಕಾಡುಗಳ ಅಧ್ಯಯನದಿಂದ ಈ ಸಂಬಂಧ ದೃಢಪಟ್ಟಿತು. ಊರಿನವರ ಉರುಳಿಗೂ ಕೋವಿಗೂ ಜಿಂಕೆಗಳು ಬಲಿಯಾದ ಕಾಡಿನಲ್ಲಿ ಹುಲಿಗೆ ಯಾರೂ ಗುಂಡಿಡದಿದ್ದರೂ ಹುಲಿ ಉಳಿಯದು. ಚಿಣ್ಣಪ್ಪನವರಂಥವರು ಜಿಂಕೆಯ ಬೇಟೆಯನ್ನು ತಡೆದಾಗ ಕಾಯ್ದದ್ದು ಹುಲಿಯನ್ನೇ ಎಂಬುದಕ್ಕೆ ಅಂಕಿಗಳೇ ಸಾಕ್ಷಿ.

ಚಿತ್ರಗಳು ಸಾವಿರಾರು ಆದಂತೆ ಕಣ್ಣಿನಿಂದ ಹೋಲಿಸುವುದು ಅಸಾಧ್ಯವಾಯಿತು. ಇಂಗ್ಲೆಂಡಿನ ಲೆಕ್ಸ್ ಹೈಬಿ ಕಡಲಿನ ಸೀಲ್ ಪ್ರಾಣಿಗಳ ಚಿತ್ರಗಳನ್ನು ಗಣಕಯಂತ್ರದಿಂದ ಹೋಲಿಸುವ ವಿಧಾನವನ್ನು ಮೊದಲೇ ರೂಪಿಸಿದ್ದರು. ಅವರೊಡನೆ ಕಾರಂತರೂ ಇತರರೂ ಸೇರಿ 2009ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಹುಲಿಯ ಚಿತ್ರವನ್ನು ಗಣಕಯಂತ್ರದೊಳಗಿನ ಹುಲಿಯ ಆಕೃತಿಯ ಮೇಲೆ ಹೊದಿಸಿ, ಮೈ ಬಳುಕಿದ್ದರೂ ಓರೆಯಾಗಿದ್ದರೂ ಪಟ್ಟೆಗಳನ್ನು ಹೋಲಿಸಬಹುದು. ಕಡಲಿನ ಜೀವಿಗಳಿಗಾಗಿ ಬೆಳೆದ ವಿದ್ಯೆ ಹೀಗೆ ಕಾಡಿನ ಹುಲಿಗೆ ಒದಗಿತು. ಅದರಿಂದ ಆದ ಪ್ರಯೋಜನ ಎರಡು ಬಗೆಯದು. ಕಳ್ಳರಿಂದ ವಶಪಡಿಸಿಕೊಂಡ ಚರ್ಮವು ಯಾವ ಕಾಡಿನ ಯಾವ ಹುಲಿಯದೆಂದು, ಅದು ಬದುಕಿದ್ದಾಗ ತೆಗೆದ ಚಿತ್ರದೊಡನೆ ಹೋಲಿಸಿ ಹೇಳುವುದು ಸಾಧ್ಯವಾಯಿತು. ಬದುಕಿರುವ ಹುಲಿಗಳ ದೀರ್ಘ ಪ್ರಯಾಣಗಳೂ ತಿಳಿದವು. 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಸೆರೆಸಿಕ್ಕ ಗಂಡು ಹುಲಿಯೊಂದರ ಪಟ್ಟೆಗಳು ಹಿಂದೆ ಬಂಡೀಪುರದಲ್ಲಿ ತೆಗೆದ ಚಿತ್ರಕ್ಕೆ ಹೊಂದಿದವು. ಹೊಲ, ತೋಟ, ರಸ್ತೆ, ಊರುಗಳನ್ನು ಹಾಯ್ದು ಅದು ಸುಮಾರು 280 ಕಿಲೋಮೀಟರು ಬಂದಿತ್ತು. ಆ ಚಿತ್ರವೊಂದು ಇಲ್ಲದಿದ್ದರೆ ಅದು ಎಲ್ಲಿಂದಲೋ ಬಂದ ಹುಲಿ ಮಾತ್ರ ಆಗಿರುತ್ತಿತ್ತು.

ಎಣಿಕೆ ಮತ್ತು ಹೊಣೆ

2002ರ ಹೆಜ್ಜೆಗುರುತಿನ ಗಣತಿಯಂತೆ ದೇಶದಲ್ಲಿ 3,642 ಹುಲಿಗಳಿದ್ದವು. 2003ರಲ್ಲಿ ಕಾರಂತರೂ ಅವರ ಸಹೋದ್ಯೋಗಿಗಳೂ ಈ ವಿಧಾನದ ದೋಷಗಳನ್ನು ಮತ್ತೊಮ್ಮೆ ವಿಸ್ತಾರವಾಗಿ ಎತ್ತಿತೋರಿಸಿದರು. ಮುಂದಿನ ಎರಡು ವರ್ಷಗಳಲ್ಲಿ ರಾಜಸ್ಥಾನದ ಸರಿಸ್ಕಾದ ಸಂಗತಿ ಬಯಲಾಯಿತು. ಕಾಗದದ ಮೇಲೆ ಹುಲಿಗಳಿದ್ದ ಆ ಕಾಡಿನಲ್ಲಿ 2005ರ ವೇಳೆಗೆ ಒಂದು ಹುಲಿಯೂ ಉಳಿದಿರಲಿಲ್ಲ. ತಪ್ಪು ಲೆಕ್ಕದ ಬೆಲೆ ಏನೆಂಬುದನ್ನು ಇದಕ್ಕಿಂತ ಕಟುವಾಗಿ ತಿಳಿಸುವುದು ಸಾಧ್ಯವಿರಲಿಲ್ಲ. ಹುಲಿಗಳಿವೆಯೆಂದು ನಂಬಿದ್ದವರಿಗೆ ಅವು ಒಂದೊಂದಾಗಿ ಇಲ್ಲವಾದುದು ಗೊತ್ತಾಗಲಿಲ್ಲ. ಅನಂತರ ಹೆಜ್ಜೆಗುರುತಿನ ಹಳೆಯ ಪದ್ಧತಿಯನ್ನು ಕೈಬಿಡಲಾಯಿತು. ಕ್ಯಾಮೆರಾ ಟ್ರ್ಯಾಪನ್ನೂ ಒಳಗೊಂಡ ಹೊಸ ಕ್ರಮದಲ್ಲಿ ನಡೆದ 2006ರ ಅಂದಾಜಿನಲ್ಲಿ ದೊರೆತ ಸಂಖ್ಯೆ 1,411. ಎರಡು ವಿಧಾನಗಳು ಬೇರೆಯಾದುದರಿಂದ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಇಳಿಕೆಯನ್ನು ಅಳೆಯುವುದೂ ತಪ್ಪೇ.

ಅಂದಿನಿಂದ ಕ್ಯಾಮೆರಾ ಸರಕಾರಿ ಗಣತಿಯ ಅವಿಭಾಜ್ಯ ಅಂಗವಾಗಿದೆ. 2018ರ ಗಣತಿಯಲ್ಲಿ ದೇಶದ 26,838 ಸ್ಥಳಗಳಲ್ಲಿ ಕ್ಯಾಮೆರಾಗಳಿದ್ದವು. ದೊರೆತ ಸುಮಾರು ಮೂರೂವರೆ ಕೋಟಿ ಚಿತ್ರಗಳಲ್ಲಿ ಹುಲಿಯ ಚಿತ್ರಗಳು 76,651. 2022ರ ಅಂದಾಜಿನಂತೆ ದೇಶದಲ್ಲಿ 3,682 ಹುಲಿಗಳಿದ್ದವು, ಕರ್ನಾಟಕದಲ್ಲಿ 563. ಇಷ್ಟಾದರೂ ಕಾರಂತರು ಸಮಾಧಾನದ ಮಾತನ್ನಾಡಲಿಲ್ಲ. ಕ್ಯಾಮೆರಾ ಇಟ್ಟ ಚಿಕ್ಕ ಪ್ರದೇಶದ ಲೆಕ್ಕವನ್ನು ಜಾಡುಗಳ ಆಧಾರದಿಂದ ವಿಶಾಲ ಪ್ರದೇಶಕ್ಕೆ ಹಿಗ್ಗಿಸುವ ಕ್ರಮವನ್ನು ಅವರೂ ಸಂಗಡಿಗರೂ 2015ರಲ್ಲಿ ಗಣಿತದ ನೆಲೆಯಲ್ಲಿ ಪ್ರಶ್ನಿಸಿದರು. ಗಣತಿಯನ್ನು ನಡೆಸುವ ವಿಜ್ಞಾನಿಗಳು ತಮ್ಮ ಕ್ರಮವನ್ನು ಸಮರ್ಥಿಸಿಕೊಂಡಿದ್ದಾರೆ. ವಾದ ಮುಗಿದಿಲ್ಲ, ಆದರೆ ಎರಡು ಪಕ್ಷಗಳೂ ಇಂದು ವಾದಿಸುತ್ತಿರುವುದು ಪ್ರಮಾಣದ ಸ್ವರೂಪವನ್ನು ಕುರಿತು. ಪ್ರಮಾಣವೇ ಬೇಕಿಲ್ಲವೆಂಬ ಕಾಲ ಹಿಂದೆ ಸರಿದಿದೆ.

ಕಾರಂತರಿಗೆ 2007ರಲ್ಲಿ ಅಂತರರಾಷ್ಟ್ರೀಯ ಗೆಟ್ಟಿ ಪ್ರಶಸ್ತಿಯೂ 2012ರಲ್ಲಿ ಪದ್ಮಶ್ರೀ ಪುರಸ್ಕಾರವೂ ಸಂದವು. ಅವರ ಸಾಧನೆಯ ತಿರುಳು ಈ ಗೌರವಗಳಿಗಿಂತ ಸರಳವಾದುದು. ಶಾಸನಶಾಸ್ತ್ರಜ್ಞನು ಸವೆದ ಕಲ್ಲಿನ ಮುಂದೆ ಕುಳಿತು ಒಂದು ಅಕ್ಷರವನ್ನೂ ಊಹಿಸದೆ, ಕಂಡಷ್ಟನ್ನೇ ಓದಿ, ಕಾಣದಲ್ಲಿ ಚುಕ್ಕೆಗಳನ್ನಿಟ್ಟು ಬಿಡುತ್ತಾನೆ. ಇಂಥ ಚುಕ್ಕೆಗಳು ವಿದ್ವತ್ತಿನ ಸೋಲಲ್ಲ, ಅದರ ಮರ್ಯಾದೆ. ಹುಲಿಯ ಮೈಮೇಲಿನ ಲಿಪಿಯನ್ನು ಓದಿದವರು ಪಾಲಿಸಿದ್ದೂ ಇದೇ ನಿಯಮವನ್ನು: ಕಂಡದ್ದನ್ನು ಕಂಡಷ್ಟೇ ಹೇಳುವುದು, ಕಾಣದೆ ಉಳಿದದ್ದು ಎಷ್ಟಿರಬಹುದೆಂಬುದನ್ನು ಮರೆಮಾಚದೆ ತಿಳಿಸುವುದು. ಗೋವಿನ ಹಾಡಿನಲ್ಲಿ ಹುಲಿ ಸತ್ಯಕ್ಕೆ ತಲೆಬಾಗಿತು. ಇಂದು ಹುಲಿಯ ಉಳಿವು ಮನುಷ್ಯ ಅದರ ವಿಷಯದಲ್ಲಿ ಎಷ್ಟು ಸತ್ಯವನ್ನು ಹೇಳುತ್ತಾನೆ ಎಂಬುದನ್ನು ಅವಲಂಬಿಸಿದೆ.